ಕೆನೆಕುಡ್ತೆ ಇಳಿದಷ್ಟು ಆಳ

ಹಾಲಿನ ಸಂಘಗಳಿಗೆ ವಿಸ್ತರಣಾಧಿಕಾರಿಗಳಾಗಿ ಈಗ ಸೇರುವವರು ಮೊಬೈಲು ಹಿಡಿದುಕೊಂಡು ಬರುತ್ತಾರೆ. ಹಾಲು ಯಂತ್ರದ ನಳಿಗೆಯೊಳಗೆ ಹೋಗುತ್ತದೆ. ಕೊಬ್ಬು ಎಷ್ಟು, ನೀರು ಎಷ್ಟು ಎಂಬುದು ಪರದೆಯ ಮೇಲೆ ಬರುತ್ತದೆ. ರೈತ ಮನೆ ತಲುಪುವ ಮೊದಲೇ ಅವನ ಫೋನಿಗೆ ಸಂದೇಶ ತಲುಪಿರುತ್ತದೆ. ಇದೆಲ್ಲ ಒಳ್ಳೆಯದೇ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ಸಾಧಿಸಲು ನಾನು ಬರೆಯುತ್ತಿಲ್ಲ. ಹಾಲಿನ ಪರೀಕ್ಷೆಯ ಆ್ಯಸಿಡ್ ಹಾರಿ ತೂತಾದ ನನ್ನ ಅಂಗಿಗಳನ್ನು ನೆನೆಸಿಕೊಂಡರೆ ಯಂತ್ರಕ್ಕೆ ಕೈಮುಗಿಯಬೇಕು ಅನಿಸುತ್ತದೆ. ಆದರೆ ಆ ನಳಿಗೆಗೆ ಕೊಡುವ ಹಾಲನ್ನು ಇವತ್ತಿಗೂ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಪಾತ್ರೆಯಿಂದ ತೆಗೆಯುತ್ತಾನೆ. ಹೇಗೆ ತೆಗೆಯುತ್ತಾನೆ ಎಂಬುದನ್ನು ಯಂತ್ರ ನೋಡುವುದಿಲ್ಲ. ಅದನ್ನು ನೋಡುವುದು ನಮ್ಮ ಕೆಲಸ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಸಂಘಗಳನ್ನು ಸುತ್ತುತ್ತ ನಾನು ನಿವೃತ್ತನಾದೆ. ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಯಾವುದಾದರೊಂದು ಸಂಘದ ಜಗಲಿಯಲ್ಲಿ ಇರಬೇಕಿತ್ತು. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ನೋಡಬೇಕು, ಜಗಳವಿದ್ದರೆ ಕೇಳಬೇಕು, ಶೀತಲೀಕರಣ ಕೇಂದ್ರಕ್ಕೆ ಹಿಂದಿರುಗಿ ವರದಿ ಬರೆಯಬೇಕು. ಜಗಳವಿಲ್ಲದ ದಿನಗಳು ಕಡಿಮೆ. ಯಾರಾದರೂ ಕರೆದು ಅವಲಕ್ಕಿ, ಚಹಾ ಕೊಡದ ದಿನಗಳು ಇನ್ನೂ ಕಡಿಮೆ. ಹಾಲು ಕೆಟ್ಟಿದೆ ಎಂದು ನಾನು ಹಿಂದಕ್ಕೆ ಕಳಿಸಿದ ಮನೆಯವರೂ ಚಹಾ ಕೊಟ್ಟಿದ್ದಾರೆ. ಆ ಚಹಾಕ್ಕೆ ಹಾಲು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

ವರದಿ ಬರೆಯಲು ನನಗೆ ಕಲಿಸಿದವರು ಕೇಂದ್ರದಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಕಾಮತ್ ಸಾರ್. ಅವರದು ಸಣ್ಣ ದನಿ. ಬೈಯುವಾಗ ಅದು ಇನ್ನೂ ಸಣ್ಣದಾಗುತ್ತಿತ್ತು. ಬೆಳ್ತಂಗಡಿ ಕಡೆಯ ಒಂದು ಸಂಘಕ್ಕೆ ಹೋಗಿ ಬಂದು, ಅಲ್ಲಿನ ಕಾರ್ಯದರ್ಶಿ ಸೋಮಾರಿ ಎಂದು ನಾನು ಬರೆದಿದ್ದೆ. ಅವರು ಕನ್ನಡಕ ಮೇಲೇರಿಸಿ ಕೇಳಿದರು.

"ಸೋಮಾರಿತನ ನೀನು ಎಲ್ಲಿ ಕಂಡದ್ದು?"

"ಹಾಲಿನ ಕ್ಯಾನು ತೊಳೆದಿರಲಿಲ್ಲ ಸಾರ್."

"ಹಾಗಾದ್ರೆ ಕ್ಯಾನು ತೊಳೆದಿರಲಿಲ್ಲ ಅಂತ ಬರೆ. ಯಾಕೆ ಅಂತ ಅವನತ್ರ ಕೇಳಿದ್ದೀಯಾ?"

ಕೇಳಿರಲಿಲ್ಲ. ಹೋಗಿ ಕೇಳಿದೆ. ಬಾವಿಯ ಪಂಪು ಕೆಟ್ಟಿತ್ತು, ಸರಿಮಾಡುವವನು ಬಂದಿರಲಿಲ್ಲ. ಕಂಡದ್ದು ಮೊದಲು, ಕೇಳಿದ್ದು ಆಮೇಲೆ, ಯಾರಿಂದ ಕೇಳಿದ್ದು ಎಂಬುದು ಅದರ ಜೊತೆಗೆ, ಅನಿಸಿದ್ದು ಬೇಡವೇ ಬೇಡ. ಇದು ಕಾಮತ್ ಸಾರ್ ಅವರ ಕ್ರಮ. ಈ ಕ್ರಮಕ್ಕೆ ನಾನು ಇವತ್ತಿಗೂ ಕೃತಜ್ಞ. ಒಮ್ಮೆ ಇದೇ ಕ್ರಮದಿಂದ ಒಬ್ಬ ಒಳ್ಳೆಯ ಮನುಷ್ಯನ ಕೆಲಸ ಹೋಗುವ ಹಂತಕ್ಕೆ ಬಂದಿತ್ತು. ಅದನ್ನು ಹೇಳುವ ಮೊದಲು ಒಂದು ಉಪಕರಣದ ವಿಷಯ ಹೇಳಬೇಕು.

ಕೆನೆಕುಡ್ತೆಯನ್ನು ನಾನು ಮೊದಲು ನೋಡಿದ್ದು ಕಲ್ಲಡ್ಕದ ಒಂದು ಹೋಟೆಲಿನ ಅಡುಗೆಕೋಣೆಯಲ್ಲಿ. ಕುಡ್ತೆ ಎಂದರೆ ನಮ್ಮ ಕಡೆ ಹಾಲು, ಎಣ್ಣೆ ಅಳೆಯುವ ಸಣ್ಣ ಮಾಪು. ಅಂಗಡಿಯವರು ಡಬ್ಬಿಯಿಂದ ಎಣ್ಣೆ ಎತ್ತಲು, ನೆಟ್ಟಗೆ ಮೇಲಕ್ಕೆ ನಿಂತ ಉದ್ದ ಹಿಡಿಯ ಒಂದು ಮಾಪನ್ನು ಇಟ್ಟುಕೊಂಡಿರುತ್ತಿದ್ದರು. ಅದನ್ನೇ ಬಾಟಲಿಯ ಕುತ್ತಿಗೆಯೊಳಗೆ ಇಳಿಯುವಷ್ಟು ಸಣ್ಣದಾಗಿ ಮಾಡಿದರೆ ಕೆನೆಕುಡ್ತೆ. ಹೆಬ್ಬೆರಳಿನ ತುದಿಯಷ್ಟು ಬಟ್ಟಲು, ಅದಕ್ಕೆ ಬೆಸುಗೆ ಹಾಕಿದ ಕಂಬಿಯ ಹಿಡಿ, ತುದಿಯಲ್ಲಿ ಮೊಳೆಗೆ ನೇತುಹಾಕಲು ಒಂದು ಕೊಕ್ಕೆ. ಆಗ ಸುತ್ತಲಿನ ಮನೆಗಳಿಂದ ಹೋಟೆಲಿಗೆ ಹಾಲು ಬಾಟಲಿಯಲ್ಲೇ ಬರುತ್ತಿತ್ತು. ಸ್ವಲ್ಪ ಹೊತ್ತು ಅಲುಗದೆ ಇಟ್ಟರೆ ಕೆನೆ ಮೇಲೇರಿ ಕುತ್ತಿಗೆಯಲ್ಲಿ ಕೂಡುತ್ತದೆ. ಚಹಾ ಮಾಡುತ್ತಿದ್ದ ವಾಸಣ್ಣ ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು, ಕೆನೆಕುಡ್ತೆ ಇಳಿಸಿ, ಕೆನೆಯನ್ನು ಎತ್ತಿ ಬೇರೆ ಪಾತ್ರೆಗೆ ಹಾಕುತ್ತಿದ್ದ.

"ಒಳ್ಳೆಯ ಕೆನೆಯನ್ನು ಯಾಕೆ ತೆಗೆಯುವುದು?" ಎಂದು ಕೇಳಿದೆ.

"ನಮ್ಮ ಚಾದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ಸಾರ್. ಎರಡೂ ಬೇರೆ ಬೇರೆ ನಿಲ್ಬೇಕು. ಕೆನೆ ಇದ್ರೆ ಮೇಲೆ ಬಂದು ಎಣ್ಣೆ ಹಾಗೆ ತೇಲ್ತದೆ. ಗಿರಾಕಿ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡ್ತಾನೆ, ಹೆಣ್ಣು ನೋಡ್ಲಿಕ್ಕೆ ಬಂದವನ ಹಾಗೆ."

"ತೆಗೆದ ಕೆನೆ ಎಲ್ಲಿಗೆ ಹೋಗ್ತದೆ?"

"ಧಣಿಗಳ ಮನೆಗೆ. ದಾರಿಯಲ್ಲಿ ಎಷ್ಟು ಕಡಿಮೆ ಆಗ್ತದೆ ಅಂತ ನನ್ನತ್ರ ಕೇಳ್ಬೇಡಿ."

ಅವನು ನನ್ನ ಕೈಗೂ ಒಂದು ಬಾಟಲಿ ಕೊಟ್ಟು ಕಲಿಸಿದ. ಒಂದೇ ಸಲ ಅದ್ದಬೇಕು, ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತಬೇಕು. ಎರಡನೇ ಸಲಕ್ಕೆ ಹಾಲು ಕಲಕುತ್ತದೆ, ಆಮೇಲೆ ಅತ್ತ ಕೆನೆಯೂ ಅಲ್ಲ, ಇತ್ತ ಹಾಲೂ ಅಲ್ಲ. ಕುಡ್ತೆ ಇಳಿದಷ್ಟು ಆಳದ ಹಾಲು ಒಂದು ಬಗೆ, ಅದರ ಕೆಳಗಿನದು ಇನ್ನೊಂದು ಬಗೆ. ಒಂದೇ ಬಾಟಲಿಯೊಳಗೆ ಎರಡು ಬಗೆಯ ಹಾಲು ಇರುತ್ತದೆ ಎಂಬುದನ್ನು ನಾನು ತರಬೇತಿಯಲ್ಲಿ ಓದಿದ್ದೆ. ಕೈಗೆ ತಿಳಿದದ್ದು ಅಲ್ಲಿ.

ಹೊಸ ಉಪಕರಣ ಬಂದಾಗಲೆಲ್ಲ ಹೊಸ ತಪ್ಪುಗಳೂ ಬರುತ್ತವೆ. ಪೊಳಲಿಯ ಆಚೆಯ ಒಂದು ಸಂಘಕ್ಕೆ ಮೊದಲ ಸಲ ವಿದ್ಯುತ್ ಯಂತ್ರ ಬಂದಾಗ ದಿನವೂ ಮೊದಲು ಬಂದವನ ಹಾಲಿನಲ್ಲಿ ನೀರಿದೆ ಎಂದು ತೋರಿಸತೊಡಗಿತು. ಎಲ್ಲರಿಗಿಂತ ಮೊದಲು ಹಾಲು ಹಾಕುವುದನ್ನು ಒಂದು ಮರ್ಯಾದೆ ಎಂದು ತಿಳಿದಿದ್ದ ಹಿರಿಯರೊಬ್ಬರು ಅಲ್ಲಿದ್ದರು. ಅವರ ಮರ್ಯಾದೆ ಹೋಯಿತು. ಅವರು ಎರಡನೆಯವರಾಗಿ ಬರತೊಡಗಿದರು. ಆಗ ಮೊದಲು ಬಂದ ಬೇರೆಯವನ ಹಾಲಿನಲ್ಲಿ ನೀರು ಕಂಡಿತು. ಆಮೇಲೆ ಯಾರಿಗೂ ಮೊದಲು ಬರಲು ಮನಸ್ಸಿಲ್ಲ. ಎಲ್ಲರೂ ರಸ್ತೆಯ ಆಚೆ ಮರದ ಕೆಳಗೆ ಕ್ಯಾನು ಇಟ್ಟುಕೊಂಡು "ನೀವು ಹೋಗಿ," "ಛೆ, ನೀವು ಹಿರಿಯರು, ನೀವು ಹೋಗಿ" ಎಂದು ಉಪಚಾರ ಮಾಡುತ್ತ ನಿಲ್ಲುತ್ತಿದ್ದರು. ಹಾಲಿನ ಲಾರಿ ಬಂದು ಹಾರ್ನು ಹಾಕುತ್ತಿತ್ತು. ಹಿಂದಿನ ದಿನ ತೊಳೆದ ನೀರು ನಳಿಗೆಯಲ್ಲಿ ಉಳಿಯುತ್ತಿತ್ತು, ಅಷ್ಟೇ. ಅದು ಗೊತ್ತಾದ ಮೇಲೆ ಆ ಹಿರಿಯರನ್ನು ನಾವೇ ಮನೆಗೆ ಹೋಗಿ ಕರೆದುಕೊಂಡು ಬಂದೆವು. ಅವರು ಬಂದರು. ಆದರೆ ತಮ್ಮ ಹಾಲು ಪರೀಕ್ಷೆಯಾಗುವವರೆಗೆ ಯಂತ್ರದ ಕಡೆಗೆ ಬೆನ್ನು ಹಾಕಿ ನಿಂತಿದ್ದರು.

ನಾನು ಹೇಳಬೇಕೆಂದಿರುವುದು ಇದಕ್ಕಿಂತ ಬಹಳ ಹಿಂದಿನದು. ಬೆಳುವಾಯಿಯಿಂದ ಒಳಗೆ, ಗುಡ್ಡದ ಬುಡದಲ್ಲಿ ಒಂದು ಸಂಘವಿತ್ತು. ಅದರ ಹೆಸರು ಬೇಡ. ಆಗ ಅಲ್ಲಿ ಬೆಳಗ್ಗೆ ಮಾತ್ರ ಹಾಲು ತೆಗೆದುಕೊಳ್ಳುತ್ತಿದ್ದರು. ಕಾರ್ಯದರ್ಶಿಯೂ ಹಾಲು ಪರೀಕ್ಷಕನೂ ಆಗಿದ್ದವನು ಸುಂದರಣ್ಣ. ಎಲ್ಲರನ್ನೂ ಅಕ್ಕ, ಅಣ್ಣ ಎಂದೇ ಕರೆಯುವ, ಎದುರಿನವರು ಕೂತ ಮೇಲೆ ತಾನು ಕೂರುವ ಮನುಷ್ಯ. ಅವನ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ.

ತೊಂದರೆ ಬಂದದ್ದು ಹೀಗೆ. ಸಂಘದಲ್ಲಿ ಒಬ್ಬೊಬ್ಬರ ಹಾಲನ್ನೂ ಪರೀಕ್ಷಿಸಿ ಕೊಬ್ಬಿನಂಶ ಬರೆಯುತ್ತಾರೆ, ಹಣ ಕೊಡುವುದು ಆ ಲೆಕ್ಕದಲ್ಲೇ. ಆ ಹಾಲೆಲ್ಲ ಕ್ಯಾನುಗಳಲ್ಲಿ ಸೇರಿ ಲಾರಿಯಲ್ಲಿ ನಮ್ಮ ಕೇಂದ್ರಕ್ಕೆ ಬರುತ್ತದೆ. ಅಲ್ಲಿ ಕ್ಯಾನಿನ ಹಾಲನ್ನು ಮತ್ತೆ ಪರೀಕ್ಷಿಸುತ್ತಾರೆ, ಸಂಘಕ್ಕೆ ಹಣ ಬರುವುದು ಈ ಲೆಕ್ಕದಲ್ಲಿ. ಎರಡೂ ಲೆಕ್ಕ ಸುಮಾರಾಗಿ ಹೊಂದಬೇಕು. ಈ ಸಂಘದ್ದು ಹೊಂದುತ್ತಿರಲಿಲ್ಲ. ಊರಿನಲ್ಲಿ ಕೊಬ್ಬು ಹೆಚ್ಚು, ಕೇಂದ್ರದಲ್ಲಿ ಕಡಿಮೆ. ನಡುವೆ ಕೆನೆ ಎಲ್ಲೋ ಕಾಣೆಯಾಗುತ್ತಿದೆ ಎಂದು ಯಾರಿಗಾದರೂ ಅನಿಸುತ್ತದೆ.

ಅಧ್ಯಕ್ಷರಾಗಿದ್ದ ಶೆಟ್ಟರಿಗೆ ಅನಿಸಿದ್ದು ಮಾತ್ರವಲ್ಲ, ಖಚಿತವೇ ಆಗಿಹೋಯಿತು. ಅವರು ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ಕೆಟ್ಟವರಲ್ಲ. ಸಂಘದ ಕಟ್ಟಡಕ್ಕೆ ಜಾಗ ಕೊಟ್ಟವರೇ ಅವರು. ಆದರೆ ಅಡುಗೆಕೋಣೆಯಲ್ಲಿ ಕೆನೆ ಮಾಯವಾಗುವುದನ್ನು ಆಯುಷ್ಯಪೂರ್ತಿ ನೋಡಿದ್ದರು. ಒಂದು ದಿನ ಸಂಘದ ಕೋಣೆಯಲ್ಲಿ ಸುಂದರಣ್ಣನ ಮೇಜಿನ ಪಕ್ಕ ಮೊಳೆಗೆ ನೇತುಹಾಕಿದ್ದ ಕೆನೆಕುಡ್ತೆ ಅವರ ಕಣ್ಣಿಗೆ ಬಿತ್ತು. ಅವರು ಕೇಂದ್ರಕ್ಕೆ ಬಂದು ಕಾಮತ್ ಸಾರ್ ಎದುರು ಕುಳಿತರು.

"ಕಳ್ಳ ಸಿಕ್ಕಿದ್ದಾನೆ, ಆಯುಧವೂ ಸಿಕ್ಕಿದೆ. ಇನ್ನು ನಿಮ್ಮ ವರದಿ ಒಂದು ಬೇಕು. ಬರುವ ಭಾನುವಾರ ಸಭೆ ಉಂಟು. ಅವನನ್ನು ತೆಗೆಯುವುದೇ."

"ಅವನು ಕೆನೆ ತೆಗೆಯುವುದನ್ನು ನೀವು ನೋಡಿದ್ದೀರಾ?" ಎಂದು ಕಾಮತ್ ಸಾರ್ ಕೇಳಿದರು.

"ಕೆನೆಕುಡ್ತೆ ಇಟ್ಟುಕೊಂಡವನು ಮತ್ತೆಂತ ಮೀನು ಹಿಡೀತಾನಾ?"

ಮರುದಿನ ಬೆಳಗ್ಗೆ ನಾನು ಆ ಸಂಘದ ಜಗಲಿಯಲ್ಲಿದ್ದೆ. ಯಾಕೆ ಬಂದೆನೆಂದು ಸುಂದರಣ್ಣ ಕೇಳಲಿಲ್ಲ. ನನಗೆ ಕುರ್ಚಿ ಹಾಕಿ ತನ್ನ ಕೆಲಸಕ್ಕೆ ತೊಡಗಿದ.

ಹಾಲು ತರುವವರಲ್ಲಿ ಎರಡು ತಂಡ ಎಂದು ಆಗ ನನಗೆ ಕಂಡಿತು. ಬಯಲಿನ ಕಡೆಯವರು ಸ್ಟೀಲಿನ ಕ್ಯಾನಿನಲ್ಲಿ ತರುತ್ತಿದ್ದರು. ಅವರ ಹಾಲನ್ನು ಸುಂದರಣ್ಣ ಅಗಲ ಬಾಯಿಯ ಪಾತ್ರೆಗೆ ಸುರಿದು, ಚೆನ್ನಾಗಿ ಕಲಕಿ, ಪರೀಕ್ಷೆಗೆ ಸ್ವಲ್ಪ ತೆಗೆದು, ಉಳಿದದ್ದನ್ನು ದೊಡ್ಡ ಕ್ಯಾನಿಗೆ ಹಾಕುತ್ತಿದ್ದ. ಅದು ನಿಯಮದಂತೆಯೇ ಇತ್ತು. ಗುಡ್ಡದ ಮೇಲಿನ ಹೆಂಗಸರು ಬಾಟಲಿಯಲ್ಲಿ ತರುತ್ತಿದ್ದರು. ಒಂದೊಂದು ಊರ ದನ, ಒಂದು ಬಾಟಲಿ, ಹೆಚ್ಚೆಂದರೆ ಎರಡು ಬಾಟಲಿ ಹಾಲು. ಬಾಟಲಿಗೆ ಬಟ್ಟೆ ಸುತ್ತಿರುತ್ತಿದ್ದರು. ಅವರು ಎದುರಿಗೆ ಬಂದರೆ ಸುಂದರಣ್ಣ ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವೆಲನ್ನು, ಬಾಟಲಿಗೆ ಅಡ್ಡ ಹಿಡಿಯುತ್ತಿದ್ದ. ಅದರ ಮರೆಯಲ್ಲೇ ಕೆನೆಕುಡ್ತೆಯನ್ನು ಕುತ್ತಿಗೆಯೊಳಗೆ ಇಳಿಸಿ, ಒಂದೇ ಸಲ ಎತ್ತಿ, ಪರೀಕ್ಷೆಯ ಸಣ್ಣ ಸೀಸೆಗೆ ಹಾಕುತ್ತಿದ್ದ. ಅದು ತುಂಬದಿದ್ದರೆ ಇನ್ನೊಮ್ಮೆ ಮೇಲಿನಿಂದಲೇ ಎತ್ತುತ್ತಿದ್ದ. ಉಳಿದ ಹಾಲು ಬಟ್ಟೆಯ ಮರೆಯಲ್ಲೇ ಕ್ಯಾನಿಗೆ ಹೋಗುತ್ತಿತ್ತು. ನಾನು ಅವನ ಬದಿಯಲ್ಲೇ ಕೂತು ನೋಡಿದೆ, ಕೆನೆಯ ಒಂದು ಹನಿಯೂ ಬೇರೆಲ್ಲಿಗೂ ಹೋಗಲಿಲ್ಲ. ಸೀಸೆಗೆ ಹೋಯಿತು, ಅಷ್ಟೇ.

ಎಲ್ಲರೂ ಹೋದ ಮೇಲೆ ಕೇಳಿದೆ. "ಬಾಟ್ಲಿಯವರ ಹಾಲನ್ನು ಪಾತ್ರೆಗೆ ಸುರಿದು ಕಲಕುವುದಿಲ್ಲ ಯಾಕೆ?"

"ಅವರು ಬಿಡುವುದಿಲ್ಲ ಸಾರ್. ಕಣ್ಣು ತಾಗ್ತದೆ ಅಂತ."

ಕರೆದ ಹಾಲನ್ನು ತೆರೆದ ಪಾತ್ರೆಯಲ್ಲಿ ನಾಲ್ಕು ಜನರ ಎದುರು ತೋರಿಸಬಾರದು ಎಂಬುದು ನಮ್ಮ ಕಡೆ ಬಹಳ ಮನೆಗಳಲ್ಲಿದ್ದ ಮಾತು. ಒಂದೇ ದನ ಇರುವ ಮನೆಯಲ್ಲಿ ಆ ಮಾತಿಗೆ ಬಲ ಹೆಚ್ಚು. ಸುಂದರಣ್ಣ ಗುಲಾಬಕ್ಕನ ವಿಷಯ ಹೇಳಿದ. ಗುಡ್ಡದ ಹೆಂಗಸರಲ್ಲಿ ಎಲ್ಲರಿಗಿಂತ ದೂರದಿಂದ ಬರುತ್ತಿದ್ದವಳು ಅವಳು. ಮೊದಲು ಅವಳ ಹಾಲನ್ನೂ ಎಲ್ಲರ ಹಾಗೆ ಸುರಿದು ಕಲಕುತ್ತಿದ್ದರು. ಒಂದು ದಿನ ಸಾಲಿನಲ್ಲಿದ್ದ ಯಾರೋ ಬಗ್ಗಿ ನೋಡಿ, "ಎಂಥ ದಪ್ಪ ಹಾಲು ಮಾರಾಯ್ರೆ" ಎಂದರಂತೆ. ಅದೇ ವಾರ ಅವಳ ಕರು ಸತ್ತಿತು, ದನ ಹಾಲು ಕೊಡುವುದನ್ನು ನಿಲ್ಲಿಸಿತು. ಅವಳು ಬರುವುದನ್ನು ನಿಲ್ಲಿಸಿದಳು. ಅವಳ ಹಿಂದೆ ಉಳಿದ ಹೆಂಗಸರೂ ನಿಲ್ಲಿಸಿದರು. ಹಾಲನ್ನು ಯಾರೋ ಸೈಕಲಿನವನಿಗೆ, ಅವನು ಹೇಳಿದ ಬೆಲೆಗೆ ಕೊಡತೊಡಗಿದರು.

"ನಾನು ಮನೆ ಮನೆಗೆ ಹೋದೆ ಸಾರ್. 'ಅಕ್ಕಾ, ನಿಮ್ಮ ಹಾಲನ್ನು ಯಾರಿಗೂ ತೋರಿಸುವುದಿಲ್ಲ, ನಾನೂ ನೋಡುವುದಿಲ್ಲ, ಬಟ್ಟೆ ಒಳಗೇ ಮಾಡುವ' ಅಂತ ಹೇಳಿದೆ. ಮೂಡುಬಿದಿರೆಯಲ್ಲಿ ತಗಡಿನ ಕೆಲಸದ ಹಸನಾಕನತ್ರ ಇದನ್ನು ಮಾಡಿಸಿದೆ. ನಮ್ಮ ಸೌಟು ಬಾಟ್ಲಿಗೆ ಇಳಿಯುವುದಿಲ್ಲ ಅಲ್ವಾ. ಆಮೇಲೆ ಅವರು ಬಂದರು."

"ಬಾಟ್ಲಿಯವರದ್ದು ಫ್ಯಾಟ್ ಹೆಚ್ಚು ಬರ್ತದಲ್ಲ, ಯಾಕೆ ಅಂತ ಯೋಚನೆ ಮಾಡಿದ್ದೀರಾ?"

"ಊರ ದನ ಸಾರ್, ಗುಡ್ಡೆಯ ಹುಲ್ಲು. ಬಯಲಿನವರ ಜರ್ಸಿಗೆ ಫ್ಯಾಟ್ ಎಲ್ಲಿಂದ ಬರ್ಬೇಕು?"

ಮಾತು ಪೂರ್ತಿ ಸುಳ್ಳಲ್ಲ. ಊರ ದನದ ಹಾಲಿನಲ್ಲಿ ಕೊಬ್ಬು ಹೆಚ್ಚೇ. ಆ ಸತ್ಯದ ಮರೆಯಲ್ಲಿ ತಪ್ಪು ಅಷ್ಟು ದಿನ ಕೂತಿತ್ತು. ಆ ಹೆಂಗಸರು ತರುತ್ತಿದ್ದುದು ಮುಖ್ಯವಾಗಿ ಹಿಂದಿನ ಸಂಜೆಯ ಹಾಲು. ರಾತ್ರಿಯಿಡೀ ಬಾಟಲಿಯನ್ನು ಬಾವಿಯ ನೀರಿನಲ್ಲಿ ಇಳಿಬಿಟ್ಟು ತಣ್ಣಗಿಟ್ಟು, ಬೆಳಗ್ಗೆ ಅಲುಗದ ಹಾಗೆ ಎದೆಗೊತ್ತಿ ತರುತ್ತಿದ್ದರು. ಕೆನೆ ಏರಲು ಅದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಸುಂದರಣ್ಣ ದಿನವೂ ಪರೀಕ್ಷಿಸುತ್ತಿದ್ದುದು ಬಾಟಲಿಯ ಹಾಲನ್ನಲ್ಲ, ಬಾಟಲಿಯ ಕುತ್ತಿಗೆಯನ್ನು.

ಮರುದಿನ ಅವನ ಮನೆಯ ದನದ ಸಂಜೆಯ ಹಾಲನ್ನೇ ಬಾಟಲಿಯಲ್ಲಿ ತರಲು ಹೇಳಿದೆ. ಅದರಿಂದ ಕುಡ್ತೆಯಲ್ಲಿ ಒಂದು ಮಾದರಿ ತೆಗೆದೆವು. ಆಮೇಲೆ ಬಾಟಲಿಯನ್ನು ಮೇಲೆ ಕೆಳಗೆ ಮಾಡಿ ಕಲಕಿ ಇನ್ನೊಂದು ತೆಗೆದೆವು. ಗಾಜಿನ ನಳಿಗೆಯಲ್ಲಿ ಆ್ಯಸಿಡ್ ಸೇರಿಸಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿಟ್ಟು ತಿರುಗಿಸಿದರೆ ಕೊಬ್ಬು ಹಳದಿಯಾಗಿ ಬೇರೆ ನಿಲ್ಲುತ್ತದೆ. ಎರಡು ನಳಿಗೆಗಳನ್ನೂ ಪಕ್ಕಪಕ್ಕ ಹಿಡಿದೆ. ಮೊದಲನೆಯದರಲ್ಲಿ ಹಳದಿ ಗೆರೆ ಎಷ್ಟೋ ಮೇಲಿತ್ತು.

ಸುಂದರಣ್ಣ ಬಹಳ ಹೊತ್ತು ನೋಡಿದ. ಆಮೇಲೆ ಮೊದಲ ಸಲ, ನಾನು ನಿಂತಿರುವಾಗಲೇ ತಾನು ಕೂತ.

"ಹಾಗಾದ್ರೆ ನಾನು ಬಯಲಿನವರಿಗೆ ಅನ್ಯಾಯ ಮಾಡಿದ ಹಾಗಾಯ್ತಲ್ಲ ಸಾರ್."

ಕೆಲಸದ ಮಾತು ಅವನ ಬಾಯಿಂದ ಬಂದದ್ದು ಆಮೇಲೆ. "ಕಳ್ಳ ಅಂತ ಮಾತ್ರ ಬರೆಯಬೇಡಿ. ಕೆಲಸ ಹೋದ್ರೆ ಹೇಗೋ ಮಾಡ್ತೇನೆ. ಕಳ್ಳ ಅಂತ ಆದ್ರೆ ಈ ಊರಿನಲ್ಲಿ ನನ್ನ ಮಕ್ಕಳು ನಡೆದಾಡಲಿಕ್ಕುಂಟಾ?" ಮತ್ತೆ ಹೇಳಿದ, "ಆ ಹೆಂಗಸರು ಮೋಸ ಮಾಡಿದರು ಅಂತಲೂ ಬರೆಯಬೇಡಿ. ಅವರಿಗೆ ಇದೊಂದೂ ಗೊತ್ತಿಲ್ಲ."

ನಾನು ವರದಿ ಬರೆದೆ. ಕಂಡದ್ದನ್ನೆಲ್ಲ ಬರೆದು, ಕೊನೆಯಲ್ಲಿ "ಇದರಲ್ಲಿ ಕದಿಯುವ ಉದ್ದೇಶ ಇರಲಿಲ್ಲ" ಎಂಬ ಒಂದು ವಾಕ್ಯ ಸೇರಿಸಿದೆ. ಕಾಮತ್ ಸಾರ್ ಆ ವಾಕ್ಯದ ಮೇಲೆ ಪೆನ್ಸಿಲ್ ಇಟ್ಟರು.

"ಉದ್ದೇಶ ನಿನಗೆ ಕಂಡಿತಾ? ಯಾವ ಬಣ್ಣ ಇತ್ತು?"

"ಕಾಣಲಿಲ್ಲ ಸಾರ್. ಆದರೆ ಅವನು ಅಂಥವನಲ್ಲ."

"ಅಲ್ಲ ಅಂತ ನನಗೂ ಅನಿಸ್ತದೆ. ನನಗೆ ಅನಿಸಿದ್ದಕ್ಕೆ ಸಂಬಳ ಕೊಡುವುದಿಲ್ಲ." ವಾಕ್ಯಕ್ಕೆ ಅಡ್ಡಗೆರೆ ಬಿತ್ತು. "ಅವನು ಒಳ್ಳೆಯವನು ಅಂತ ನೀನು ಇವತ್ತು ಬರೆದ್ರೆ, ನಾಳೆ ಇನ್ನೊಬ್ಬ ಕೆಟ್ಟವನು ಅಂತ ಬರೆದದ್ದನ್ನೂ ಜನ ನಂಬಬೇಕಾಗ್ತದೆ. ಕಂಡದ್ದು ಸರಿಯಾಗಿದ್ರೆ ಅದೇ ಸಾಕು."

ಸಾಕಾಗಲಿಲ್ಲ. ಭಾನುವಾರ ಬೆಳಗ್ಗಿನ ಸಭೆಗೆ ಸಂಘದ ಎದುರಿನ ಅಂಗಳದಲ್ಲಿ ಊರೇ ಸೇರಿತ್ತು. ಬಯಲಿನವರು ಒಂದು ಕಡೆ, ಗುಡ್ಡದ ಹೆಂಗಸರು ಇನ್ನೊಂದು ಕಡೆ. ಸುಂದರಣ್ಣ ಎರಡಕ್ಕೂ ಸೇರದೆ ಬಾಗಿಲಿನ ಹತ್ತಿರ ನಿಂತಿದ್ದ. ನಾನು ವರದಿ ಓದಿದೆ. ಓದಿ ಮುಗಿದ ಕೂಡಲೇ ಶೆಟ್ಟರು ಎದ್ದರು.

"ಕೇಳಿದ್ರಲ್ಲ. ಬಾಟ್ಲಿಯಿಂದ ಕೆನೆ ತೆಗೆದದ್ದು ಹೌದು. ಬಟ್ಟೆ ಅಡ್ಡ ಹಿಡಿದು ತೆಗೆದದ್ದೂ ಹೌದು. ವರದಿಯಲ್ಲೇ ಉಂಟು. ಕಳ್ಳತನಕ್ಕೆ ಇನ್ನೆಂತ ಬೇಕು?"

"ಕೆನೆ ಸೀಸೆಗೆ ಹೋದದ್ದು ಶೆಟ್ರೇ, ಮನೆಗಲ್ಲ," ಎಂದೆ.

"ಎಲ್ಲಿಗೆ ಹೋಯ್ತು ಅಂತ ಬಟ್ಟೆಯ ಹಿಂದೆ ಯಾರು ನೋಡಿದ್ದು? ನೀವು ನೋಡಿದ ದಿನ ಹೋಗಿರ್ಬಹುದು. ನೀವು ಬರ್ತೀರಿ ಅಂತ ಅವನಿಗೆ ಗೊತ್ತಿತ್ತೋ ಏನೋ."

ಬಯಲಿನವರ ಸಾಲಿನಿಂದ ಒಬ್ಬರು ಹೇಳಿದರು, "ಸುಂದರನ ಮನೆಯ ಹಾಲಿನಲ್ಲಿ ಪರೀಕ್ಷೆ ಮಾಡಿದ್ದನ್ನು ನಾವು ಹೇಗೆ ನಂಬುವುದು? ಬಾಟ್ಲಿಯವರ ಹಾಲಿನಲ್ಲೇ ಮಾಡಿ ತೋರಿಸಿ. ಇಲ್ಲಿಯೇ, ಎಲ್ಲರ ಎದುರು."

ಕೇಳಿದ್ದು ನ್ಯಾಯವೇ. ಆದರೆ ಅದು ಆಗುವ ಮಾತಲ್ಲ ಎಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಸೆರಗು ಎಳೆದುಕೊಂಡು ನೆಲ ನೋಡಿದರು. ಕೆಲವರ ಕಾಲ ಬಳಿ ಬಾಟಲಿಗಳಿದ್ದವು. ಸಭೆ ಮುಗಿದ ಮೇಲೆ ಹಾಲು ಹಾಕಿ ಹೋಗುವ ಎಂದು ತಂದದ್ದು. ಯಾರೂ ಮುಟ್ಟಲಿಲ್ಲ. ಸುಂದರಣ್ಣನೇ ಮೆಲ್ಲಗೆ ಹೇಳಿದ, "ಬೇಡ ಸಾರ್. ಅವರಿಗೆ ನಾನು ಮಾತು ಕೊಟ್ಟದ್ದುಂಟು."

ಆಗ ಗುಲಾಬಕ್ಕ ಎದ್ದಳು. ಗಿಡ್ಡ ಹೆಂಗಸು. ಅವಳ ದನ ಮತ್ತೆ ಕರು ಹಾಕಿ ಸ್ವಲ್ಪ ದಿನವಾಗಿತ್ತು. ಪಕ್ಕದವಳು ಅವಳ ಸೆರಗು ಹಿಡಿದು, "ಅಕ್ಕಾ, ಎಳೆ ಕರು ಉಂಟಲ್ಲ, ಬೇಡ," ಎಂದದ್ದು ನನಗೆ ಕೇಳಿಸಿತು. ಗುಲಾಬಕ್ಕ ಸೆರಗು ಬಿಡಿಸಿಕೊಂಡು ಮೇಜಿನ ಹತ್ತಿರ ಬಂದು, ಬಾಟಲಿಗೆ ಸುತ್ತಿದ್ದ ಬಟ್ಟೆ ತೆಗೆದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆನೆ ಕುತ್ತಿಗೆಯಲ್ಲಿ ಹಳದಿಯಾಗಿ ಕೂತಿತ್ತು.

"ಮೊದಲು ನಿನ್ನ ಕುಡ್ತೆಯಲ್ಲಿ ತೆಗಿ," ಎಂದಳು ಸುಂದರಣ್ಣನಿಗೆ.

ಅವನು ಬೈರಾಸನ್ನು ಅಡ್ಡ ಹಿಡಿಯಲು ಹೋದ. ಅವಳು ಅದನ್ನು ಸರಿಸಿದಳು. ಅವನು ಕೆನೆಕುಡ್ತೆ ಇಳಿಸಿ ಎತ್ತಿ ಸೀಸೆಗೆ ಹಾಕಿದ. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಅವಳೇ ಅಗಲ ಪಾತ್ರೆಯನ್ನು ಮೇಜಿನ ನಡುವೆ ಎಳೆದು, ಬಾಟಲಿಯನ್ನು ಪೂರ್ತಿ ಸುರಿದಳು.

"ನೋಡುವವರೆಲ್ಲ ನೋಡಿ. ಆಮೇಲೆ ನೋಡಲಿಲ್ಲ ಅಂತ ಹೇಳ್ಬೇಡಿ."

ಬಯಲಿನವರಲ್ಲಿ ಮುಂದೆ ಕೂತವರು ಹಲವರು ಮುಖ ಬೇರೆ ಕಡೆ ತಿರುಗಿಸಿದರು. ನೋಡಲು ಅಷ್ಟು ಹಟ ಹಿಡಿದಿದ್ದವರೇ. ಅದನ್ನು ನಾನು ಕಂಡೆ, ಆದ್ದರಿಂದ ಬರೆಯುತ್ತಿದ್ದೇನೆ. ಶೆಟ್ಟರು ಮಾತ್ರ ಬಗ್ಗಿ ನೋಡಿದರು. ಏನೂ ಹೇಳಲಿಲ್ಲ. ಒಳ್ಳೆಯ ಹಾಲು ಕಂಡು ಬಾಯಿ ಮುಚ್ಚಿಕೊಳ್ಳುವುದು ಒಬ್ಬ ಹೋಟೆಲಿನವರಿಗೆ ಸುಲಭವಲ್ಲ.

ಸುಂದರಣ್ಣ ಪಾತ್ರೆಯ ಹಾಲನ್ನು ಕಲಕಿ ಎರಡನೆಯ ಮಾದರಿ ತೆಗೆದ. ಆ್ಯಸಿಡ್ ಹಾಕುವ ಕೆಲಸವನ್ನು ನಾನು ಮಾಡಿದೆ. ಯಂತ್ರವನ್ನು ತಿರುಗಿಸುತ್ತೇನೆಂದು ಶೆಟ್ಟರೇ ಮುಂದೆ ಬಂದರು. ಬೇರೆಯವರ ಕೈ ಬೇಡ ಎಂಬುದು ಅವರ ಹಟ. ಶೆಟ್ಟರು ಬೆವರು ಒರೆಸಿಕೊಳ್ಳುತ್ತ ತಿರುಗಿಸಿದರು. ನಳಿಗೆಗಳನ್ನು ಅವರೇ ಎತ್ತಿ ಬೆಳಕಿಗೆ ಹಿಡಿದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಕೈ ಬದಲಿಸಿ ಮತ್ತೆ ನೋಡಿದರು.

"ಒಂದೇ ಬಾಟ್ಲಿಯ ಹಾಲು," ಎಂದರು. "ಒಂದರಲ್ಲಿ ಫ್ಯಾಟ್ ಇಷ್ಟು, ಇನ್ನೊಂದರಲ್ಲಿ ಇಷ್ಟೇ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಹಾಗಾದ್ರೆ ಕಳ್ಳ ಯಾರೂ ಇಲ್ವಾ?"

ಅವರ ದನಿಯಲ್ಲಿ ನಿರಾಶೆ ಇತ್ತು. ಗುಲಾಬಕ್ಕ ಪಾತ್ರೆಯನ್ನು ಸುಂದರಣ್ಣನ ಕಡೆ ತಳ್ಳುತ್ತ ಹೇಳಿದಳು, "ಇದ್ದಿದ್ರೆ ನಿಮಗೆ ಸಂತೋಷ ಆಗ್ತಿತ್ತಾ ಶೆಟ್ರೇ?"

ಮೊದಲು ನಕ್ಕವರು ಹೆಂಗಸರು. ಆಮೇಲೆ ಬಯಲಿನವರು. ಕೊನೆಗೆ ಶೆಟ್ಟರೂ ನಕ್ಕರು. ನಕ್ಕ ಮೇಲೆ ಅವರು ಮಾಡಿದ್ದು ದೊಡ್ಡ ಕೆಲಸ. ಸುಂದರಣ್ಣನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ನಾನು ಹೇಳಿದ್ದು ತಪ್ಪಾಯ್ತು ಮಾರಾಯ, ನೀನೇ ಮುಂದುವರಿಸು," ಎಂದರು. ಅಧ್ಯಕ್ಷರ ಬಾಯಿಂದ ಅಂಥ ಮಾತನ್ನು ನನ್ನ ವೃತ್ತಿಯಲ್ಲಿ ನಾನು ಹೆಚ್ಚು ಸಲ ಕೇಳಿಲ್ಲ. ಹೆಂಗಸರಿಗೆ ಹಿಂದೆ ಹೆಚ್ಚಾಗಿ ಸಿಕ್ಕಿದ್ದ ಹಣದ ಮಾತನ್ನು ಯಾರೂ ಎತ್ತಲಿಲ್ಲ. ಬಯಲಿನವರು ಎತ್ತಬಹುದಿತ್ತು. ಅವರಿಗೂ ನಾನು ಕೃತಜ್ಞ.

ಇಷ್ಟಾದರೂ ಸುಂದರಣ್ಣನ ಕೆಲಸ ಉಳಿಯುವುದು ಮರುದಿನ ಹೆಂಗಸರು ಬಂದರೆ ಮಾತ್ರ. ಬಾಟಲಿಯ ಹಾಲನ್ನು ಕಲಕದೆ ಇನ್ನು ತೆಗೆದುಕೊಳ್ಳುವಂತಿಲ್ಲ. ತೆರೆಯಬೇಕೆಂದರೆ ಅವರು ಮತ್ತೆ ಸೈಕಲಿನವನ ಕಡೆ ಹೋಗುತ್ತಾರೆ. ಹೋದರೆ ಆ ಸಣ್ಣ ಸಂಘಕ್ಕೆ ಕಾರ್ಯದರ್ಶಿಯೇ ಬೇಕಿಲ್ಲ. ಹಾಗಾಗಿ ಮರುದಿನ ಬೆಳಗ್ಗೆ ನಾನು ಮತ್ತೆ ಹೋದೆ. ಆ ಸಂಘದ ಸರದಿ ಅಂದು ಇರಲಿಲ್ಲ, ಕಾಮತ್ ಸಾರ್ ಹತ್ತಿರ ಹೇಳಿಯೂ ಇರಲಿಲ್ಲ. ಸುಂದರಣ್ಣ ಕಿಟಕಿಯ ಸರಳಿನಿಂದ ಗೋಡೆಯ ಮೊಳೆಗೆ ಹಗ್ಗ ಕಟ್ಟಿ, ತನ್ನ ಒಂದು ಹಳೆ ಲುಂಗಿಯನ್ನು ಪರದೆಯ ಹಾಗೆ ಇಳಿಬಿಟ್ಟಿದ್ದ. ಅದರ ಹಿಂದೆ ಅಗಲ ಪಾತ್ರೆ. ಬೇಕಾದವರು ಪರದೆಯ ಹಿಂದೆ ಬಂದು ಸುರಿಯಲಿ ಎಂದು.

ಬಯಲಿನವರು ಬಂದು ಹಾಕಿ ಹೋದರು. ಗುಡ್ಡದ ದಾರಿಯಲ್ಲಿ ಯಾರೂ ಕಾಣಲಿಲ್ಲ. ಸುಂದರಣ್ಣ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ. ಲಾರಿಯ ಹೊತ್ತಾಗುತ್ತ ಬಂದಾಗ ಗುಲಾಬಕ್ಕ ಬಾಟಲಿಯನ್ನು ಎದೆಗೊತ್ತಿಕೊಂಡು ತಿರುವಿನಲ್ಲಿ ಕಾಣಿಸಿದಳು. ಅವಳ ಹಿಂದೆ, ಸ್ವಲ್ಪ ಅಂತರ ಬಿಟ್ಟು, ಉಳಿದವರು.

ಜಗಲಿ ಹತ್ತಿ ಅವಳು ಲುಂಗಿಯ ಪರದೆಯನ್ನು ನೋಡಿದಳು.

"ಇದೆಂತ, ನಾಟಕ ಉಂಟಾ?"

"ನಿಮಗೆಲ್ಲ ಬೇಕಾಗ್ತದಾ ಅಂತ ಅಕ್ಕಾ."

"ಅವರಿಗೆ ಬೇಕಾದ್ರೆ ಇರ್ಲಿ. ನನ್ನದನ್ನು ನಿನ್ನೆ ಊರೆಲ್ಲ ನೋಡಿ ಆಯ್ತು."

"ಕರು ಹೇಗುಂಟು ಅಕ್ಕಾ?" ಎಂದು ಸುಂದರಣ್ಣ ಕೇಳಿದ. ರಾತ್ರಿಯಿಡೀ ಅವನಲ್ಲಿದ್ದ ಪ್ರಶ್ನೆ ಅದೇ ಎಂದು ಕೇಳಿದ ರೀತಿಯಿಂದಲೇ ತಿಳಿಯಿತು.

"ಹಾರ್ತಾ ಉಂಟು. ಹಗ್ಗ ಕಟ್ಟಿ ಬರುವುದರಲ್ಲಿ ತಡವಾದದ್ದು."

ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಪಾತ್ರೆಗೆ ಸುರಿದು ಕಲಕಿ, ಮಾದರಿ ತೆಗೆದು ಪರೀಕ್ಷೆ ಮಾಡಿದ. ಸಾಮಾನ್ಯವಾಗಿ ಹೆಂಗಸರು ಫಲಿತಾಂಶಕ್ಕೆ ನಿಲ್ಲುತ್ತಿರಲಿಲ್ಲ, ಮರುದಿನ ಕೇಳಿಕೊಳ್ಳುತ್ತಿದ್ದರು. ಅವಳು ನಿಂತಳು. ಅವಳು ನಿಂತದ್ದಕ್ಕೆ ಉಳಿದವರೂ ಬಾಟಲಿ ಹಿಡಿದು ನಿಂತರು. ನಳಿಗೆಯನ್ನು ಬೆಳಕಿಗೆ ಹಿಡಿದ ಸುಂದರಣ್ಣ ಗೆರೆ ನೋಡಿದ, ಅವಳ ಮುಖ ನೋಡಿದ, ಮತ್ತೆ ಗೆರೆ ನೋಡಿದ. ಇಷ್ಟು ದಿನ ಅವಳಿಗೆ ಹೇಳುತ್ತಿದ್ದ ಅಂಕಿಗಿಂತ ಅದು ಬಹಳ ಕೆಳಗಿತ್ತು. ಅವನು ಅದನ್ನು ಗೊಣಗುವ ಹಾಗೆ ಹೇಳಿದ.

"ಜೋರಾಗಿ ಹೇಳು," ಎಂದಳು ಗುಲಾಬಕ್ಕ. "ಅವರಿಗೂ ಕೇಳಲಿ."

ಅವನು ಜೋರಾಗಿ ಹೇಳಿದ. ಹಿಂದಿದ್ದ ಹೆಂಗಸರಲ್ಲಿ ಒಬ್ಬಳು ಉಸಿರೆಳೆದುಕೊಂಡಳು. ಗುಲಾಬಕ್ಕ ಖಾಲಿ ಬಾಟಲಿಗೆ ಬಟ್ಟೆ ಸುತ್ತುತ್ತ ತಲೆಯಾಡಿಸಿದಳು.

"ಆಯ್ತು. ಅದನ್ನೇ ಬರೆ," ಎಂದು, ಹಿಂದಿನವಳಿಗೆ ಜಾಗ ಬಿಟ್ಟು ಬದಿಗೆ ನಿಂತಳು.